ಹುಟ್ಟಿನಿಂದ

ಗಾಳ, ಬಲೆ ಮಾರುವ ಅಂಗಡಿಯ ಮಾಳಿಗೆಯಲ್ಲಿ ನನ್ನ ಕಚೇರಿ.
ಕಿಟಕಿಯಾಚೆ ನ್ಯೂಫೌಂಡ್‌ಲ್ಯಾಂಡಿನ ಮಾರ್ಚ್,
ಕೊಲ್ಲಿಯಲ್ಲಿ ಹಿಮಗಡ್ಡೆಗಳು ಹಲ್ಲು ಕಡಿಯುತ್ತಿವೆ.
ಎದುರಿಗೆ ಲಿಯಾಂಡರ್ ಪಾರ್ಡಿ, ವಯಸ್ಸು ಐವತ್ತೆಂಟು,
ಟೋಪಿ ಮೊಣಕಾಲ ಮೇಲೆ. ಕೊಟ್ಟ ಚಹಾ ಮುಟ್ಟಿಲ್ಲ.

ನಡುವೆ ಪೊಲೀಸರ ಕಡತ:
ಆಯುಧದಿಂದ ಹಲ್ಲೆ.
ಆಯುಧ: ಹುಟ್ಟು, ಒಂದು. ಸ್ಪ್ರೂಸ್ ಮರದ್ದು. ಏಳೂವರೆ ಅಡಿ.
ಫೋಟೋದಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿ ಇಟ್ಟಿದ್ದಾರೆ,
ಹೆಣದ ಪಕ್ಕ ಇಡುವ ಹಾಗೆ.

"ಅದು ಆಯುಧವಲ್ಲ," ಅಂದ. "ಅಜ್ಜ ಕೆತ್ತಿದ್ದು."

ಕೋವಿ, ಚಾಕು ಎಂದು ಎಣಿಸಿ ಸುಮ್ಮನಾಗುವುದಿಲ್ಲ ಕಾನೂನು.
ಹೊಡೆಯಲು ಎತ್ತಿದರೆ ಹೆಪ್ಪುಗಟ್ಟಿದ ಕಾಡ್ ಮೀನೂ ಆಯುಧವೇ,
ಹೆದರಿಸಲು ಎತ್ತಿದರೂ.
ಎತ್ತಿದ್ದು ಏನು ಅನ್ನುವುದಕ್ಕಿಂತ
ಏಕೆ ಎತ್ತಿದೆ ಅನ್ನುವುದನ್ನೇ ಅದು ಕೆದಕುತ್ತದೆ.

ತುಸು ಹೊತ್ತು ತನ್ನ ಕೈ ನೋಡಿಕೊಂಡ.
"ಹಾಗಾದರೆ ಈ ಊರ ತುಂಬ ಆಯುಧವೇ."

ನಡೆದದ್ದು ಇಷ್ಟು. ದೋಣಿಮನೆ, ರಾತ್ರಿ ಹತ್ತರ ಮೇಲೆ.
ಇವನು ಹುಟ್ಟಿಗೆ ವಾರ್ನಿಷ್ ಬಳಿಯುತ್ತಿದ್ದ.
ತಮ್ಮ ಸೆಲ್ವಿನ್ ಬಂದ, ಬರಿಗೈಲಿ, ರಮ್ ಕುಡಿದು,
ಏಡಿ ಹಿಡಿಯುವ ಲೈಸೆನ್ಸ್ ಮಾರೋಣ ಎನ್ನುತ್ತಾ.
ಮಾತಿಗೆ ಮಾತು. ಒಂದು ಹೆಜ್ಜೆ. ಇನ್ನೊಂದು.
ಒಂದೇ ಪೆಟ್ಟು. ಮುಂಗೈ ಮೂಳೆ ಎರಡು ತುಂಡು.
ಆಸ್ಪತ್ರೆಗೆ ಒಯ್ದವನೂ ಇವನೇ, ತನ್ನದೇ ಟ್ರಕ್ಕಿನಲ್ಲಿ.
ನರ್ಸ್ ಬಾಯಿ ತೆರೆಯುವ ಮೊದಲೇ ಹೇಳಿದ: ನಾನೇ ಹೊಡೆದೆ.
(ಅಯ್ಯೋ ಮಾರಾಯ, ಅಂದುಕೊಂಡೆ. ಅನ್ನಲಿಲ್ಲ.)

ಜಾಮೀನಿನ ಷರತ್ತು: ತಮ್ಮನಿಂದ ನೂರು ಮೀಟರ್ ದೂರ.
ಇಬ್ಬರ ಮನೆಗಳ ನಡುವೆ ಇರುವುದೇ ನಲವತ್ತು.
ಗುಡ್ಡದಾಚೆ ಯಾರದೋ ಸೋಫಾದ ಮೇಲೆ ಮಲಗುತ್ತಾನೆ ಈಗ.

ವಿವರಿಸಿದೆ. ರುಜುವಾತಿನ ಹೊರೆ ಸರ್ಕಾರದ್ದು, ನಿನ್ನದಲ್ಲ.
ಆದರೆ ಆತ್ಮರಕ್ಷಣೆ ಅನ್ನುವ ಮಾತಿಗೆ ಕಾಲೂರಲು ನೆಲ ಬೇಕು:
ಅವನು ಮೈಮೇಲೆ ಬಿದ್ದಾನೆಂದು ನಂಬಿದ್ದೆಯಾ, ನಂಬಲು ಕಾರಣವಿತ್ತೆ,
ಎತ್ತಿದ್ದು ತಡೆಯಲೋ, ಸಿಟ್ಟು ತೀರಿಸಲೋ,
ಅಷ್ಟು ಪೆಟ್ಟು ಬೇಕಿತ್ತೆ, ಬಾಗಿಲು ಯಾವ ಕಡೆ ಇತ್ತು,
ನಿಮ್ಮಿಬ್ಬರ ನಡುವೆ ಹಿಂದೆ ಏನೇನು ನಡೆದಿತ್ತು—

"ಸುಲಭವಾಗಿ ಕೇಳು."

"ಹೆದರಿದ್ದೆಯಾ?"

ಎಂಜಿನ್ ಕೆಟ್ಟ ದೋಣಿಯಲ್ಲಿ ಮೂರು ದಿನ ತೇಲಿದವನು,
ನೀರಿಗೆ ಬಿದ್ದ ಇಬ್ಬರನ್ನು ಕೊರಳಪಟ್ಟಿ ಹಿಡಿದು ಎಳೆದವನು
ಎದ್ದು ನಿಂತ. ಟೋಪಿ ಬಿತ್ತು.
"ಸೆಲ್ವಿನ್‌ಗೆ? ನನ್ನ ತಮ್ಮನಿಗೆ?
ಜೈಲಿಗೆ ಹೋಗ್ತೀನಿ, ಬಿಡು."

ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿದ.
ಕೆಳಗೆ ಅಂಗಡಿಯ ಗಂಟೆ ಎರಡು ಸಲ ಬಾರಿಸಿತು.

"ಹೆಜ್ಜೆ," ಅಂದ ಕಡೆಗೆ.
"ಹಲಗೆಯ ಮೇಲೆ ಅವನ ಬೂಟು. ಎಡಗಾಲು ಭಾರ, ಬಲಗಾಲು ಎಳೆತ.
ಅಪ್ಪ ಹಾಗೇ ಬರುತ್ತಿದ್ದ. ಅದೇ ದೋಣಿಮನೆಗೆ.
ಗೋಡೆಯಿಂದ ಅದೇ ಹುಟ್ಟು ಇಳಿಸುತ್ತಿದ್ದ.
ಅಪ್ಪನ ಕಾಲು ಕೆಟ್ಟದ್ದು ಹಡಗಿನಿಂದ ಬಿದ್ದು.
ಸೆಲ್ವಿನ್‌ನದು, ಅಪ್ಪನಿಂದ."

ಹುಟ್ಟಿನಿಂದ ಹೊಡೆತ, ಎಂದು ಬರೆದುಕೊಂಡೆ.
ಯಾರಿಗೆ, ಎಂದಿನಿಂದ ಎಂಬ ಜಾಗ ಖಾಲಿ ಬಿಟ್ಟೆ.
ಸತ್ತವನಿಗೆ ಹೆದರಿ ಬದುಕಿದವನ ಮೂಳೆ ಮುರಿದರೆ
ಅದನ್ನು ರಕ್ಷಣೆ ಅನ್ನಬಹುದೆ?
ಹಳೆಯ ತೀರ್ಪು ಹುಡುಕಬೇಕು. ನನಗೆ ಗೊತ್ತಿಲ್ಲ.

"ಕೋರ್ಟಿನಲ್ಲಿ ನೀನೇ ಹೇಳಬೇಕಾಗುತ್ತದೆ," ಅಂದೆ. "ಪ್ರಮಾಣ ಮಾಡಿ."
"ಅವನಿರುತ್ತಾನಾ?"
"ಅವನ ಸಾಕ್ಷಿ ಮುಗಿದ ಮೇಲೆ ಕೂರಬಹುದು. ತಡೆಯಲಾಗದು."

"ಅಣ್ಣ ಎಲ್ಲಿ, ಅಂತ ಅಪ್ಪ ಕೇಳೋದು.
ಗೊತ್ತಿಲ್ಲ, ಗೊತ್ತಿಲ್ಲ ಅನ್ನೋದು ಸೆಲ್ವಿನ್. ಏಳು ವರ್ಷದವನು.
ನಾನು ಬಲೆಯ ರಾಶಿಯ ಹಿಂದೇ ಇದ್ದೆ. ಅಗೋ, ಆ ಬೀರುವಿನಷ್ಟು ದೂರ.
ಗುಡ್ಡದ ಕಡೆ ಓಡಿಹೋಗಿದ್ದೆ ಅಂದುಕೊಂಡಿದ್ದಾನೆ ಅವನು,
ಇವತ್ತಿಗೂ."

ಆಮೇಲೆ ಆರಿದ ಚಹಾ ಒಂದೇ ಗುಟುಕಿಗೆ ಕುಡಿದು,
ಕೇಸು ಮುಗಿದ ಮೇಲೆ ಹುಟ್ಟು ವಾಪಸ್ ಕೊಡ್ತಾರಾ, ಎಂದು ಕೇಳಿದ.
ಒಂದು ಮಗ್ಗುಲಿಗೆ ವಾರ್ನಿಷ್ ಬಾಕಿ ಇದೆಯಂತೆ.